ಎರ್ಕಿ ಬೇಲಿ ಹಾರಿದ್ದು

೧
ಎಲ್ಲಿಂದ ಶುರು ಮಾಡಲಿ? ‘ಫಿನ್ಲೆಂಡಿನಲ್ಲಿ ಹಿಮ ಬೀಳುತ್ತಿತ್ತು’ ಎಂದು ಬರೆದೆ, ಹೊಡೆದುಹಾಕಿದೆ. ನಾನು ಕಂಡಿರುವ ಹಿಮವೆಲ್ಲ ನಮ್ಮ ಮನೆಯ ಫ್ರಿಜ್ಜಿನದು. (ನಗಬೇಡಿ. ನೀವೂ ವಿಜಯಪುರದವರೇ ಇರಬಹುದು.)

೨
ಸರಿ, ನೇರವಾಗಿ ಹೇಳುತ್ತೇನೆ. ಎರ್ಕಿ ಹಾಲ್ಮೆ ಫಿನ್ಲೆಂಡಿನ ಚಾಂಪಿಯನ್. ಹತ್ತು ಸಾವಿರ ಮೀಟರ್ ಓಟದಲ್ಲಿ ವರ್ಷಗಟ್ಟಲೆ ಅವನನ್ನು ಅಲ್ಲಿ ಯಾರೂ ಸೋಲಿಸಲಿಲ್ಲ. ಯುರೋಪಿನ ಚಿನ್ನವೂ ಬಂತು. ಆಮೇಲೆ ವಿಶ್ವ ಫೈನಲ್ಲಿನಲ್ಲಿ ಎಲ್ಲರಿಗಿಂತ ಮುಂದಿದ್ದವನು, ಓಟ ಮುಗಿಯಿತೆಂದು ಎರಡೂ ಕೈ ಎತ್ತಿ ನಿಂತುಬಿಟ್ಟ. ಇನ್ನೂ ಒಂದು ಸುತ್ತು ಬಾಕಿಯಿತ್ತು. ಉಳಿದವರೆಲ್ಲ ಅವನನ್ನು ದಾಟಿ ಹೋದರು. ಅವನು ಮತ್ತೆ ಸ್ಪರ್ಧೆಗೆ ಇಳಿಯಲೇ ಇಲ್ಲ.

(ಸುತ್ತಿನ ಲೆಕ್ಕ ಹೇಗೆ ತಪ್ಪಿತು? ನನಗೆ ಗೊತ್ತಿಲ್ಲ. ಕೇಳಿದರೆ ಅವನೂ ಭುಜ ಹಾರಿಸುತ್ತಾನೆ.)

೩
ಕೋಚ್ ಆಗಿ ವಿಜಯಪುರಕ್ಕೆ ಬಂದವನಿಗೆ ಸಿಕ್ಕವಳು ಬಿಜ್ಜರಗಿಯ ಶಾಹಿಸ್ತಾ. ತಿಕೋಟಾ ರಸ್ತೆಯಲ್ಲಿ ಅವಳು ಓಡುತ್ತಿದ್ದರೆ ಇವನು ಸೈಕಲ್ಲಿನಲ್ಲಿ ಹಿಂದೆ. ರಾಜ್ಯ ತಂಡದ ಆಯ್ಕೆ ಓಟದಲ್ಲಿ ಅವಳೇ ಮುಂದಿದ್ದಳು. ಕೊನೆಯ ಸುತ್ತು ಶುರುವಾಗುವಾಗ ಅವಳ ಹೆಜ್ಜೆ ನಿಧಾನವಾಯಿತು. ಎರ್ಕಿ ಬೇಲಿ ಹಾರಿ ಟ್ರ್ಯಾಕಿಗೇ ಇಳಿದ. ತನಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ‘ಇನ್ನೊಂದು! ಇನ್ನೊಂದು!’ ಎಂದು ಅರಚುತ್ತ ಅವಳ ಪಕ್ಕದಲ್ಲೇ ಓಡಿದ. ಶಾಹಿಸ್ತಾ ಗೆದ್ದಳು. ಕೋಚ್ ಒಳಗೆ ಬಂದನೆಂದು ಅವಳನ್ನು ಅನರ್ಹಗೊಳಿಸಿದರು. ತಂಡದಲ್ಲಿ ಜಾಗ ಹೋಯಿತು.

‘ಎರ್ಕಿ ಸುಮ್ಮನೆ ಕೂತ’ ಎಂದು ಅಧ್ಯಾಯ ಮುಗಿಸಿದೆ.

೪
ಗಾಂಧಿ ಚೌಕದ ಚಹಾದಂಗಡಿಯಲ್ಲಿ ಇಷ್ಟನ್ನೂ ಶಾಹಿಸ್ತಾಳಿಗೆ ಓದಿ ಹೇಳಿದೆ.

“ಸುಳ್ಳ ಬರದೀರಿ ಸರ. ಅವರೆಲ್ಲಿ ಸುಮ್ಮನ ಕುಂತಾರ? ಸಣ್ಣ ಹುಡುಗರಂಗ ಅತ್ತಾರ. ನಾನ ನೀರ ಕುಡಿಸೇನಿ.”

“ನೀ ಯಾಕ ನಿಧಾನ ಆದಿ? ಓಟ ಮುಗೀತು ಅಂದ್ಕೊಂಡಿದ್ದಿ?”

“ಇಲ್ಲರಿ. ಒಂದ ಸುತ್ತ ಉಳದೈತಿ ಅಂತ ನನಗ ಗೊತ್ತಿತ್ತು. ಕಡೀಕ ಜೋರ ಓಡಾಕ ದಮ್ಮ ಉಳಿಸ್ಕೊಳ್ಳಾಕತ್ತಿದ್ದೆ.”

(ಈಗ ನನ್ನ ಕಥೆಯ ಗತಿ?)

“ಅವರಿಗೆ ಹೇಳಿದಿ?”

“ಹೆಂಗ ಹೇಳ್ಲಿ ಸರ? ‘ನನಗಾಗಿದ್ದು ಈ ಹುಡುಗಿಗೆ ಆಗಗೊಡಲಿಲ್ಲ’ ಅಂತ ಅದೊಂದ ಸಮಾಧಾನ ಇಟ್ಕೊಂಡಾರ.”

೫
ಮುಕ್ತಾಯ ಒಂದು: ಅವಳು ನಿಜ ಹೇಳುತ್ತಾಳೆ, ಎರ್ಕಿ ತನ್ನ ಊರಿಗೆ ವಿಮಾನ ಹತ್ತುತ್ತಾನೆ. ಮುಕ್ತಾಯ ಎರಡು: ಹೇಳುವುದಿಲ್ಲ, ಬರುವ ವರ್ಷ ಗೆಲ್ಲುತ್ತಾಳೆ. ಯಾವುದಿಡಲಿ ಎಂದು ಕೇಳಿದೆ.

“ಎರಡೂ ಬ್ಯಾಡ್ರಿ. ನಿನ್ನೆ ಅವರ ಕೇಳ್ಯಾರ, ‘ಇನ್ನೊಂದು ಸುತ್ತು, ನಿನಗೆ ಗೊತ್ತಿತ್ತಾ?’ ಅಂತ.”

“ನೀ ಏನಂದಿ?”

ಶಾಹಿಸ್ತಾ ಎದ್ದು ನಿಂತಳು. “ಅದು ನಮ್ಮಿಬ್ಬರ ಮಾತು ಸರ. ಪುಸ್ತಕದಾಗ ಹಾಕಬ್ಯಾಡ್ರಿ.”

ಹಾಗೆಂದು ಆಟೋಗಳ ಸಂದಿಯಲ್ಲಿ ನಡೆದುಹೋದಳು. ನಾನು ಪೆನ್ನು ಹಿಡಿದು ಇನ್ನೂ ಇಲ್ಲೇ ಕೂತಿದ್ದೇನೆ. ನೀವು ಬೇಕಾದರೆ ಹೊರಡಿ.