ದೊಡ್ಡವರ ಐದನೆಯ ಸಿನಿಮಾ

ಅಕ್ಷೋಭ್ಯರಾಯರಿಗೆ ತಮ್ಮ ಮೇಲೆಯೇ ರೇಗಿಹೋಗಿತ್ತು. ಯಾರು ಬೇಡಿದ್ದರು, ಈ ಸಿನಿಮಾಗಳನ್ನೆಲ್ಲ ಮತ್ತೆ ನೋಡು ಅಂತ? ಭಾನುವಾರ ಕೊಯಮತ್ತೂರಿನ ಫಿಲಂ ಸೊಸೈಟಿಯಲ್ಲಿ ಎಲ್ಲರೂ 'ದೊಡ್ಡವರು' ಎಂದೇ ಕರೆಯುವ ಕನ್ನಡದ ಆ ಮಹಾನ್ ನಿರ್ದೇಶಕರ ಬಗ್ಗೆ ಭಾಷಣವಿತ್ತು. ನಲವತ್ತು ವರ್ಷ ಅವರನ್ನು ಹೊಗಳಿ ಅಟ್ಟಕ್ಕೇರಿಸಿದ ಬಾಯಿ ಇನ್ನೊಂದು ಗಂಟೆ ಹೊಗಳಿದರೆ ಸವೆದುಹೋಗುತ್ತಿತ್ತೇ? ಸುಮ್ಮನೆ ಹೋಗಿ ಮಾತಾಡಿ ಬರುವುದು ಬಿಟ್ಟು, ಅದೇ ಊರಿನ ಗಣಪತಿ ಬಡಾವಣೆಯ ತಮ್ಮ ಮನೆಯಲ್ಲಿ ಟೀವಿ ಮುಂದೆ ಕೂತು ದಿನಕ್ಕೊಂದರಂತೆ ನೋಡಿದರು. ನೋಡಿ ಕೆಟ್ಟರು.

ಮೊದಲನೆಯದರಲ್ಲಿ ಒಂದು ಎತ್ತಿನಗಾಡಿ ಈ ತುದಿಯಿಂದ ಆ ತುದಿಗೆ ಹೋಗಲು ಆರು ನಿಮಿಷ ತೆಗೆದುಕೊಂಡಿತು. ಎರಡನೆಯದರಲ್ಲಿ ನಾಯಕ ಕಿಟಕಿಯ ಹತ್ತಿರ ನಿಂತು ನಿಟ್ಟುಸಿರು ಬಿಟ್ಟ, ಬಿಟ್ಟ, ಬಿಡುತ್ತಲೇ ಇದ್ದ. ಮೂರನೆಯದರಲ್ಲಿ ಹೆಂಡತಿಗೆ ಬಾರಿಸಿದ ಗಂಡ ಅವಳಿಗೇ ವೇದಾಂತ ಹೇಳುತ್ತಿದ್ದ.

ಅಡುಗೆಮನೆಯಿಂದ ಇಣುಕಿದ ಹೆಂಡತಿ ತುಳಸಮ್ಮ, "ಏನ್ರೀ, ಈ ಪಟ ನೋಡೀನಾ ಆವತ್ತು ಅತ್ಕೊಂಡು ಬಂದಿದ್ದು?" ಎಂದರು. ರಾಯರು ಟೀವಿ ಆರಿಸಿದರು. ನಾಲ್ಕನೆಯದಕ್ಕೆ ಗೊರಕೆ ಹೊಡೆದರು.

ಹಾಳಾಗಲಿ, ಐದನೆಯದು ಇದೆಯಲ್ಲ! ನಲವತ್ತು ವರ್ಷದ ಹಿಂದೆ ದೊಡ್ಡವರ ಚಿತ್ರೋತ್ಸವದ ಕೊನೆಯ ಸಂಜೆ ಸೊಸೈಟಿ ಕ್ಯಾಸೆಟ್ ಹಾಕಿ ತೋರಿಸಿದ್ದು; ತಾಯಿ ಮಗಳು ಬಾವಿ ತೋಡುವ ಕಥೆ. ಅಂದೇ ಸೊಸೈಟಿಯವರ ಕೈಕಾಲು ಹಿಡಿದು ಕ್ಯಾಸೆಟ್ಟಿನ ಪ್ರತಿ ಮಾಡಿಸಿಕೊಂಡಿದ್ದರು. ಪ್ಲೇಯರ್ ಕೆಟ್ಟ ಮೇಲೆ ನೋಡಿರಲಿಲ್ಲ. ಹೋದ ತಿಂಗಳು ಮಗ ಅದನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಟ್ಟಿದ್ದ. ಇದೂ ಕೈಕೊಟ್ಟರೆ ವೇದಿಕೆ ಹತ್ತಿ ಏನು ಹೇಳುವುದು? ಇಷ್ಟು ವರ್ಷ ಗಂಟಲು ಹರಿದುಕೊಂಡಿದ್ದೆಲ್ಲ ದಂಡವೇ?

ಸೊಸೆ ಪದ್ಮಪ್ರಿಯಾ ಜೊತೆಗೆ ಕೂತಳು. ಹೋದ ವರ್ಷವಷ್ಟೇ ಮೈಸೂರಿನಿಂದ ಮದುವೆಯಾಗಿ ಬಂದವಳು. ಶುರುವಿನಲ್ಲೇ ಏನೋ ಹೇಳಹೊರಟವಳನ್ನು ರಾಯರು "ಶ್!" ಎಂದು ಸುಮ್ಮನಾಗಿಸಿದರು.

ಚಿತ್ರ ಕೈಕೊಡಲಿಲ್ಲ. ಕೊನೆಗೆ ಬಾವಿಯಲ್ಲಿ ನೀರು ಬಂತು. ತಾಯಿ ಒಂದು ಬೊಗಸೆ ಬಾಯಿಗೆ ಹಾಕಿಕೊಂಡು, ಥೂ ಎಂದು ಉಗಿದು, ಮಗಳ ಮುಖ ನೋಡದೆ ಮತ್ತೆ ಹಾರೆ ಎತ್ತಿಕೊಂಡಳು. ರಾಯರ ಕಣ್ಣಲ್ಲಿ ನೀರು ಬಂತು.

"ನೋಡ್ದಿಯಾ ಪದ್ಮಾ! ಇದು ಪಟ ಅಂದ್ರೆ! ದೊಡ್ಡೋರು ಅಂತ ಸುಮ್ನೆ ಅಂತಾರಾ?"

"ಮಾವ, ಇದು ಅವರ ಸಿನಿಮಾ ಅಲ್ಲ. ನಿರ್ದೇಶನ ಹಲಗಯ್ಯ ಅಂತ ಬಂತಲ್ಲ. ಹೇಳೋಕೆ ಬಂದ್ರೆ ನೀವು ಬಿಡ್ಲಿಲ್ಲ."

ಅವಳು ಹಿಂದಕ್ಕೆ ಓಡಿಸಿ ಆ ಹೆಸರಿನ ಮೇಲೆ ನಿಲ್ಲಿಸಿದಳು. ರಾಯರು ಎದ್ದು ಹೋಗಿ ಟೀವಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ಏನು ಪ್ರಯೋಜನ? ಮನೆಯಲ್ಲಿ ತಲೆತಲಾಂತರದಿಂದ ಕನ್ನಡ, ಓದಿದ್ದು ತಮಿಳು. ಕನ್ನಡದ ಒಂದಕ್ಷರವೂ ಓದಲು ಗೊತ್ತಿಲ್ಲ. ಆ ಸಂಜೆ ಸಭಾಂಗಣ ತುಂಬ ಕನ್ನಡ ಮಾತಾಡುವವರೇ ಇದ್ದರು, ಹೆಸರು ಓದಬಲ್ಲ ಒಬ್ಬನೂ ಇರಲಿಲ್ಲ! ಅದಲುಬದಲಾಗಿ ಬಂದ ಕ್ಯಾಸೆಟ್ಟಿಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿ, ದೊಡ್ಡವರಿಗೆ ಜೈ ಅಂದು ಮನೆಗೆ ಹೋಗಿದ್ದರು.

"ಥತ್! ಆ ಹಲಗಯ್ಯ ಆಮೇಲೆ ಯಾವ್ಯಾವ ಪಟ ಮಾಡಿದಾನೆ, ನೋಡಮ್ಮ."

ಪದ್ಮಪ್ರಿಯಾ ಫೋನಿನಲ್ಲಿ ಬಹಳ ಹೊತ್ತು ಹುಡುಕಿದಳು. "ಇದೊಂದೇ ಮಾವ. ಆಮೇಲೆ ಏನೂ ಇಲ್ಲ."

ರಾಯರಿಗೆ ಆ ರಾತ್ರಿ ಊಟ ಸೇರಲಿಲ್ಲ. ಬೆಳಿಗ್ಗೆ ಸೊಸೈಟಿಯ ಕಾರ್ಯದರ್ಶಿ ಬಾಲಸುಬ್ರಮಣಿಯನ್‌ಗೆ ಫೋನ್ ಮಾಡಿ, ಭಾಷಣ ನನ್ನಿಂದಾಗದು ಎಂದರೆ, ಬ್ಯಾನರ್ ಕಟ್ಟಿ ಆಗಿದೆ ಸಾರ್, ನಾಲ್ಕು ಒಳ್ಳೆ ಮಾತು ಹೇಳಿ ಮುಗಿಸಿಬಿಡಿ ಎಂದು ತಮಿಳಿನಲ್ಲಿ ಅಂಗಲಾಚಿದ.

ಭಾನುವಾರ ದೊಡ್ಡವರ ಫೋಟೋಗೆ ಮಲ್ಲಿಗೆ ಹಾರ ಹಾಕಿತ್ತು. ರಾಯರು ಮೈಕ್ ಹಿಡಿದು ನಡೆದದ್ದನ್ನೆಲ್ಲ ಇದ್ದಂತೆಯೇ ಹೇಳಿದರು. "ಇಷ್ಟು ವರ್ಷ ನಾನು ಹೊಗಳಿದ್ದು ಹಲಗಯ್ಯನ್ನ. ಹೆಸರು ಮಾತ್ರ ಇವರದ್ದು ಹೇಳ್ದೆ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಮುಖ ಗಂಟು ಹಾಕಿಕೊಂಡು ಕೇಳಿದರು: "ಯಾರು ಸಾರ್ ಅದು ಹಲಗಯ್ಯ? ನಾವು ಕೇಳೇ ಇಲ್ಲ."

"ಹೇಗ್ ಕೇಳ್ತೀರಿ?" ರಾಯರು ಸಿಡುಕಿದರು. "ಆವತ್ತು ಇಲ್ಲಿ ಅವನ ಪಟ ನೋಡಿ ಇವರಿಗೆ ಚಪ್ಪಾಳೆ ತಟ್ದೋರು ನಾವೇ ಅಲ್ವಾ?"