ಹಸಿ ಮೀನು ಮುಟ್ಟದವಳ ಹೊಟ್ಟೆಯಲ್ಲಿ ಹುಳ

ಭಾನುವಾರ ಬಂತೆಂದರೆ ಪಾನ್‌ಸೊಕ್‌ನ ಹೆಗಲಿಗೆ ಗಾಳ ಏರಲೇಬೇಕು. ಊರ ಪಕ್ಕದ ಚಿಕ್ಕ ಹೊಳೆ ನೊರೆ ಕಾರುತ್ತಿತ್ತು. ಮೇಲ್ಗಡೆಯ ಹಂದಿದೊಡ್ಡಿಯ ಗಲೀಜು, ಊರವರ ಪಾಯಿಖಾನೆಯ ನೀರು ಎಲ್ಲವೂ ಅದಕ್ಕೇ. ಅವನಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಹಿಡಿದ ಮೀನನ್ನು ಹಸಿಯಾಗಿಯೇ ತೆಳ್ಳಗೆ ಹೆಚ್ಚಿ, ಹುಳಿಖಾರದ ಗೊಜ್ಜಿಗೆ ಅದ್ದಿ ತಿನ್ನುವುದೇ ಅವನ ಸುಖ. ಹೆಂಡತಿ ಓಕ್‌ಬುನ್ ಮಾತ್ರ ಅದರ ಒಂದು ಚೂರನ್ನೂ ಬಾಯಿಗಿಟ್ಟವಳಲ್ಲ.

ಊರವರ ಮಲ ಪರೀಕ್ಷೆಯ ಫಲಿತಾಂಶ ಹೇಳಲು ನರ್ಸ್ ಸೊನ್‌ಜು ಬಂದಾಗಲೂ ಅವನು ಮೀನು ಹೆಚ್ಚುತ್ತ ಕೂತಿದ್ದ.

"ಯಜಮಾನ್ರೇ, ಹಸಿ ತಿನ್ಬೇಡಿ. ಅದರ ಮಾಂಸದಲ್ಲಿ ಹುಳದ ಮರಿ ಇರುತ್ತೆ. ಪಿತ್ತನಾಳದಲ್ಲಿ ಬೀಡು ಬಿಡುತ್ತೆ. ಕಾಮಾಲೆ, ಕ್ಯಾನ್ಸರ್ ಏನು ಬೇಕಾದ್ರೂ ಬರಬಹುದು."

"ಬಿಡಮ್ಮಾ! ಗೊಜ್ಜಲ್ಲಿ ವಿನೆಗರ್ ಇದೆ. ಮೇಲೆ ಎರಡು ಲೋಟ ಸೋಜು ಹೆಂಡ ಏರಿಸಿದ್ರೆ ಯಾವ ಹುಳ ಬದುಕುತ್ತೆ?"

"ಸೋಜುಗೆ ಸಾಯೋದು ಹುಳ ಅಲ್ಲ, ನಿಮ್ಮ ಲಿವರ್ರು."

ಓಕ್‌ಬುನ್ ಬಿದ್ದು ಬಿದ್ದು ನಕ್ಕಳು. "ಸರಿಯಾಗಿ ಹೇಳಿದೆ! ಇವರ ಹೊಟ್ಟೇಲಿ ಹುಳದ ಜಾತ್ರೆನೇ ಇರ್ಬೇಕು."

ಸೊನ್‌ಜು ನಗಲಿಲ್ಲ. "ಅವರಿಗೂ ಇದೆ ಅಮ್ಮಾ. ನಿಮಗೂ ಇದೆ."

ಓಕ್‌ಬುನ್‌ಳ ನಗು ನಿಂತಿತು. "ನನಗಾ? ಮುಟ್ಟೇ ಇಲ್ವಲ್ಲೇ ನಾನು! ಬೇರೆ ಯಾರದ್ದೋ ಇರ್ಬೇಕು, ನೋಡು."

"ಎರಡೆರಡು ಸಲ ನೋಡಿದ್ವಿ. ಅವರು ಮೀನು ಹೆಚ್ಚಿದ ಮಣೆ ಮೇಲೆ ನೀವೇನು ಹೆಚ್ತೀರಿ?"

ಮೂಲಂಗಿ. ಸೌತೆಕಾಯಿ. ಅದೇ ಮಣೆ, ಅದೇ ಚಾಕು. ತಣ್ಣೀರಲ್ಲಿ ಒಮ್ಮೆ ಅದ್ದಿ ತೆಗೆದರೆ ಮುಗಿಯಿತು. ಓಕ್‌ಬುನ್ ಗಂಡನ ಮುಂದಿದ್ದ ಮಣೆಯನ್ನೇ ನೋಡಿದಳು.

ಪಾನ್‌ಸೊಕ್ ಚಾಕು ಕೆಳಗಿಟ್ಟ. "ನಾನು ತಿಂದೆ, ನಾನು ಅನುಭವಿಸ್ತೀನಿ ಅಂದ್ಕೊಂಡಿದ್ದೆ. ಇವಳಿಗೂ ನಾನೇ ತಿನ್ನಿಸಿದೆನಾ?"

"ಮಾತ್ರೆ ಇದೆ, ವಾಸಿಯಾಗುತ್ತೆ. ಆದ್ರೆ ಮತ್ತೆ ಹಸಿ ತಿಂದ್ರೆ ಮತ್ತೆ ಹುಳ. ಮಲದಲ್ಲಿರೋ ಮೊಟ್ಟೆ ಹೊಳೆಗೆ ಹೋಗುತ್ತೆ, ಅಲ್ಲಿನ ಬಸವನಹುಳಕ್ಕೆ, ಅದರಿಂದ ಮೀನಿಗೆ."

"ಯಾರ ಮಲ?" ಓಕ್‌ಬುನ್ ಕೇಳಿದಳು.

"ಹಂದೀದು. ನಮ್ಮದೂ."

ಪಾನ್‌ಸೊಕ್ ಹೆಚ್ಚಿದ ಮೀನನ್ನೆಲ್ಲ ಬಾಚಿ ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಪಾತ್ರೆಗೆ ಸುರಿದ. ಓಕ್‌ಬುನ್ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?"

"ಮೊದಲು ಮಾತ್ರೆಗೆ. ಆಮೇಲೆ ಊರವರನ್ನ ಕರ್ಕೊಂಡು ಆ ಹಂದಿದೊಡ್ಡಿಗೆ. ಏಳ್ರೀ!"

ಬಂಧುಗಳೇ, ವಿನೆಗರ್, ಖಾರ, ಹೆಂಡ ಯಾವುದಕ್ಕೂ ಈ ಹುಳ ಸಾಯುವುದಿಲ್ಲ. ಹೊಳೆಯ ಮೀನನ್ನು ಪೂರ್ತಿ ಬೇಯಿಸಿ ತಿನ್ನಿ. ಅದಕ್ಕೆ ಬೇರೆ ಮಣೆ, ಬೇರೆ ಚಾಕು ಇಡಿ. ಬಳಸಿದ ಮೇಲೆ ಕುದಿನೀರು ಸುರಿಯಿರಿ. ಮನೆಯಲ್ಲಿ ಒಬ್ಬರು ಹಸಿ ಮೀನು ತಿಂದಿದ್ದರೂ ಎಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಿ. ಹೊಳೆಗೆ ಗಲೀಜು ಬಿಡುವವರ ಬಾಗಿಲು ತಟ್ಟಲು ಸಂಕೋಚವೇಕೆ? ಅವರ ಗಲೀಜು ನಿಮ್ಮನ್ನು ಕೇಳದೆಯೇ ನಿಮ್ಮ ತಟ್ಟೆಗೆ ಬಂದು ಕೂತಿದೆ.