ಕತ್ತಿ ಮುರಿದ ಮೇಲೆ ಕೂರುವ ರಾಕ್ಷಸ

ಕ್ಯೋಟೋದ ನಮ್ಮ ಗೇಮ್ ಕಂಪನಿಯಲ್ಲಿ ಯಾವ ಆಯುಧ ಎಷ್ಟು ಏಟಿಗೆ ಮುರಿಯಬೇಕೆಂದು ನಿರ್ಧರಿಸುವುದು ನನ್ನ ಕೆಲಸ. ಆ ಏಟು ತಿನ್ನುವ ರಾಕ್ಷಸರನ್ನು ರೂಪಿಸುತ್ತಿದ್ದವರು ಕುರಾಮೊಚಿ. ಎದುರುಬದುರು ಮೇಜಿನಲ್ಲಿ ಕೂತು ವರ್ಷಗಟ್ಟಲೆ ಜಗಳವಾಡಿದ್ದೆವು.

"ಸೆಗಾವಾ ಸಾನ್, ಅದೇನು ಕತ್ತಿನಾ, ಅಕ್ಕಿ ಬಿಸ್ಕತ್ತಾ? ನನ್ನ ರಾಕ್ಷಸ ಮೈ ಕೆರ್ಕೊಳ್ಳೋದ್ರೊಳಗೆ ಪಟ್ ಅನ್ನುತ್ತಲ್ರೀ!"

"ಮೊದ್ಲು ಅವನ ಚರ್ಮ ತೆಳ್ಳಗೆ ಮಾಡಿ. ಆಮೇಲೆ ನನ್ನ ಕತ್ತಿ ಬಗ್ಗೆ ಮಾತಾಡಿ."

ಮಳೆಗಾಲ ಶುರುವಾದ ವಾರ ಕುರಾಮೊಚಿ ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಕುಸಿದು ತೀರಿಕೊಂಡರು. ಮಿದುಳಿನಲ್ಲಿ ರಕ್ತಸ್ರಾವ. ನಾನು ಅಂತ್ಯಕ್ರಿಯೆಗೆ ಹೋಗಿ ಚಿಟಿಕೆ ಧೂಪ ಕೆಂಡಕ್ಕೆ ಹಾಕಿದೆ, ಅವರ ಅಕ್ಕನಿಗೆ ತಲೆಬಾಗಿದೆ. ಅಳು ಬರಲಿಲ್ಲ. ಮರುದಿನ ಎಂದಿನಂತೆ ಕೆಲಸಕ್ಕೆ ಬಂದೆ.

ನಿರ್ದೇಶಕ ಹಿಬಿನೊ ನನ್ನನ್ನು ಕರೆದರು.

"ಗುಹೆಯ ರಾಕ್ಷಸನನ್ನ ಯಾರೂ ಗೆಲ್ತಿಲ್ಲ. ಆಡಿ ನೋಡೋಕೆ ಬಂದೋರೆಲ್ಲ ಕತ್ತಿ ಮುರಿದ ಕೂಡ್ಲೇ ಹೊರಗೆ ಓಡ್ತಾರೆ. ಕತ್ತಿ ಗಟ್ಟಿ ಮಾಡ್ತೀರೋ, ಅವನ ಬಲ ಇಳಿಸ್ತೀರೋ, ನೀವೇ ನೋಡಿ. ಈಗ ಎರಡೂ ನಿಮ್ಮ ಕೈಲೇ ಇದೆಯಲ್ಲ."

"ಆಯ್ತು," ಎಂದೆ.

ನಾನೇ ಆಡಲು ಕೂತೆ. ಕತ್ತಿ ಮುರಿಯಿತು. ಓಡಬೇಕಿತ್ತು, ಆದರೆ ಓಡಬೇಕೆನ್ನಿಸಲಿಲ್ಲ. ಕೈ ತೊಡೆಯ ಮೇಲಿಟ್ಟು ಪರದೆ ನೋಡುತ್ತಾ ಕೂತೆ. ರಾಕ್ಷಸ ಮುಷ್ಟಿ ಎತ್ತಿದ. ನನ್ನ ಬರಿಗೈ ಕಂಡು ಹಾಗೇ ತಡೆದ. ಮಂಡಿಯೂರಿ, ನಿಧಾನವಾಗಿ ಬೆನ್ನು ತಿರುಗಿಸಿ ಕೂತ. ಬೆನ್ನಲ್ಲೊಂದು ಹಳೆಯ ಈಟಿ ನಾಟಿಕೊಂಡಿತ್ತು. ಕಿತ್ತುಕೊಂಡೆ. ಅವನು ಅರಚಿ ಎದ್ದು ನಿಂತ. ಈಗ ಕಾಳಗ ಸರಿಸಮವಾಗಿತ್ತು.

ನನ್ನ ಕತ್ತಿ ಮುರಿಯದಿದ್ದರೆ ಈ ರಾಕ್ಷಸ ಕೂರುವುದೇ ಇಲ್ಲ. ನನ್ನ ಕತ್ತಿಯನ್ನು ಬೈಯುತ್ತಲೇ ಕುರಾಮೊಚಿ ಅದು ಮುರಿಯುವುದನ್ನೇ ನಂಬಿ ಇವನನ್ನು ಕಟ್ಟಿದ್ದರು. ನನಗೆ ದುಃಖವಾಗಬೇಕಿತ್ತು. ಕಾದೆ. ಏನೂ ಆಗಲಿಲ್ಲ.

"ಎರಡನ್ನೂ ಮುಟ್ಟೋದು ಬೇಡ," ಎಂದು ಹಿಬಿನೊಗೆ ಹೇಳಿದೆ. "ಕತ್ತಿ ಮುರಿದ ಕೂಡ್ಲೇ ಗುಹೆ ಬಾಯಿಗೆ ಬಂಡೆ ಬೀಳಿಸಿ."

"ಓಡೋಕೂ ದಾರಿ ಇಲ್ದಿದ್ರೆ ಜನ ಆಟಾನೇ ಬಿಟ್ಟುಬಿಡ್ತಾರೆ, ಸೆಗಾವಾ ಸಾನ್."

"ಬಿಡೋಕೆ ಮುಂಚೆ ಒಂದು ಗಳಿಗೆ ಸುಮ್ನೆ ನಿಲ್ತಾರೆ. ಅಷ್ಟು ಸಾಕು."

ಮುಂದಿನ ಸಲ ಆಡಲು ಬಂದವಳು ಬಟ್ಟೆಯಂಗಡಿಯ ಹುಡುಗಿ. ಬಂಡೆ ಬಿದ್ದಾಗ, "ಥೂ, ಯಾವನೋ ಇದನ್ನ ಮಾಡಿದ್ದು!" ಎಂದು ಬೈದಳು. ಓಡಲು ದಾರಿ ಕಾಣದೆ ಕೈ ಕೆಳಗಿಳಿಸಿ ಪರದೆ ನೋಡಿದಳು. ಆಮೇಲೆ ಕಿರುಚಿದಳು: "ಅಯ್ಯೋ, ಕೂತ್ಕೊಂಡ್ಬಿಟ್ಟ! ಬೆನ್ನು ತೋರಿಸ್ತಿದಾನೆ, ನೋಡ್ರೀ!"

ಆಟದ ಕೋಣೆಯ ಗಾಜಿನಾಚೆ ನಿಂತು ನೋಡುತ್ತಿದ್ದವರೆಲ್ಲ ನಕ್ಕರು. ಹಿಬಿನೊ ಕಣ್ಣೊರೆಸಿಕೊಂಡರು. ನಾನು ಕೆಳಗಿನ ಕ್ಯಾಂಟೀನಿಗೆ ಹೋಗಿ ಒಂದು ಬಟ್ಟಲು ಉದೋನ್ ನೂಡಲ್ಸ್ ತೆಗೆದುಕೊಂಡೆ. ಹಸಿವಿತ್ತೋ ಇಲ್ಲವೋ ತಿಳಿಯಲಿಲ್ಲ. ಬಟ್ಟಲು ಖಾಲಿಯಾಗುವವರೆಗೂ ತಿಂದೆ.